ಬೈಕ್ ಮೆಕ್ಯಾನಿಕ್ ಕೆಲಸಕ್ಕೆ ತಯಾರಾಗುವುದು ಹೇಗೆ: ಚಕ್ರ ಮೊದಲು, ಎಂಜಿನ್ ಕೊನೆಗೆ

ಐಟಿಐ ಸರ್ಟಿಫಿಕೇಟ್ ಕೈಯಲ್ಲಿದೆ, ಎಂಜಿನ್ ಬಿಚ್ಚುವ ವಿಡಿಯೊಗಳನ್ನೆಲ್ಲ ನೋಡಿ ಮುಗಿಸಿದ್ದಾಗಿದೆ, ಆದರೂ ಸರ್ವಿಸ್ ಸೆಂಟರಿನಲ್ಲಿ ಟ್ರಯಲ್ ದಿನ ಮಧ್ಯಾಹ್ನದೊಳಗೆ "ಆಮೇಲೆ ಫೋನ್ ಮಾಡ್ತೀವಿ" ಎಂದು ಸಾಗಹಾಕುತ್ತಾರೆ. ಹೀಗೆ ವಾಪಸು ಬಂದ ಹುಡುಗರನ್ನು ವಿಚಾರಿಸಿದರೆ ಕಥೆ ಹೆಚ್ಚುಕಮ್ಮಿ ಒಂದೇ. ಹಿಂದಿನ ಚಕ್ರ ಬಿಚ್ಚಿ ಬ್ರೇಕ್ ಶೂ ಕ್ಲೀನ್ ಮಾಡಿ ಹಾಕು ಅಂದರಂತೆ. ಹಾಕಿದ ಮೇಲೆ ಚಕ್ರ ಒಂದು ಕಡೆ ಎಳೆದಿತ್ತು, ಇಲ್ಲವೇ ಕೈಯಲ್ಲಿ ಒಂದು ಬುಷ್ ಉಳಿದುಬಿಟ್ಟಿತ್ತು, ಇಲ್ಲವೇ ಆಯಿಲ್ ಡ್ರೈನ್ ಬೋಲ್ಟಿನ ಥ್ರೆಡ್ ಹೋಯಿತು. ಎಂಜಿನ್ ಬಗ್ಗೆ ಯಾರೂ ಕೇಳಲೇ ಇಲ್ಲ.

ಇವರು ಕಲಿತ ಕ್ರಮವೇ ತಲೆಕೆಳಗಾಗಿದೆ. ಸರ್ವಿಸ್ ಸೆಂಟರಿಗೆ ಬರುವ ಗಾಡಿಗಳಲ್ಲಿ ಬಹುಪಾಲು ಜನರಲ್ ಸರ್ವಿಸ್‌ಗೆ ಬಂದಿರುತ್ತವೆ. ಎಂಜಿನ್ ಇಳಿಸುವ ಕೆಲಸ ಅಪರೂಪ, ಬಂದರೂ ಸೀನಿಯರ್ ಕೈಗೇ ಹೋಗುತ್ತದೆ. ಹೊಸಬನಿಗೆ ಸಿಗುವುದು ಚಕ್ರ, ಬ್ರೇಕು, ಚೈನು, ಆಯಿಲು, ಬ್ಯಾಟರಿ. ಇವುಗಳಲ್ಲಿ ಕೈ ಪಳಗಿದವನನ್ನು ಯಾರೂ ವಾಪಸು ಕಳಿಸುವುದಿಲ್ಲ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ. ಒಂದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ.

## ಹಂತ 1: ಎಲ್ಲಿ ಕಲಿಯುವುದು

ಕರ್ನಾಟಕದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ.

ಐಟಿಐ. ಬೈಕಿಗೆ ನೇರವಾಗಿ ಸಂಬಂಧಿಸಿದ ಟ್ರೇಡ್ 'ಮೆಕ್ಯಾನಿಕ್ ಟೂ ಅಂಡ್ ತ್ರೀ ವೀಲರ್', ಒಂದು ವರ್ಷ. 'ಮೆಕ್ಯಾನಿಕ್ ಮೋಟಾರ್ ವೆಹಿಕಲ್' ಎರಡು ವರ್ಷ, ಅದರಲ್ಲಿ ಕಾರು, ಲಾರಿಯೂ ಸೇರುತ್ತವೆ. ಎರಡಕ್ಕೂ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಟೂ ವೀಲರ್ ಟ್ರೇಡ್ ಎಲ್ಲ ಐಟಿಐಗಳಲ್ಲೂ ಇರುವುದಿಲ್ಲ. ಹತ್ತಿರದಲ್ಲಿ ಸಿಗದಿದ್ದರೆ ಮೋಟಾರ್ ವೆಹಿಕಲ್ ಟ್ರೇಡೇ ಸಾಕು. ಪ್ರವೇಶ ನಡೆಸುವುದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ. ಖಾಸಗಿ ಸಂಸ್ಥೆಗೆ ಸೇರುವುದಾದರೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ; ಹಿಂದೆ ಎನ್‌ಸಿವಿಟಿ ಅನ್ನುತ್ತಿದ್ದರು) ಮಾನ್ಯತೆ ಇದೆಯೇ, ಅದೂ ನೀವು ಸೇರುತ್ತಿರುವ ಟ್ರೇಡಿಗೇ ಇದೆಯೇ ಎಂದು ನೋಡಿಕೊಂಡ ಮೇಲೆ ಹಣ ಕಟ್ಟಿ. 'ಆಟೊಮೊಬೈಲ್ ಡಿಪ್ಲೊಮಾ' ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡ್ ಹಾಕಿಕೊಂಡ ಮಾತ್ರಕ್ಕೆ ಏನೂ ಆಗುವುದಿಲ್ಲ.

ರುಡ್‌ಸೆಟ್, ಆರ್‌ಸೆಟಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮತ್ತು ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿಗಳು ಗ್ರಾಮೀಣ ಯುವಕರಿಗೆ ಟೂ ವೀಲರ್ ರಿಪೇರಿ ತರಬೇತಿ ಕೊಡುತ್ತವೆ. ಸುಮಾರು 30 ದಿನ, ಊಟ ವಸತಿ ಸೇರಿ ಉಚಿತ. ಸ್ವಂತ ಉದ್ಯೋಗ ಮಾಡಲಿ ಎಂಬುದೇ ಇದರ ಉದ್ದೇಶ. ಆದರೆ ತಿಂಗಳ ತರಬೇತಿ ಮುಗಿಸಿ ಬಂದು ನೇರವಾಗಿ ಅಂಗಡಿ ತೆರೆಯುವುದು ದುಡುಕು. ಪಾನಾ ಹಿಡಿಯುವ ಧೈರ್ಯ ಬಂತು ಅಂದುಕೊಂಡು ಒಂದು ಒಳ್ಳೆಯ ಗ್ಯಾರೇಜ್ ಸೇರಿ.

ಗ್ಯಾರೇಜಿನಲ್ಲಿ ಹೆಲ್ಪರ್. ಹಳೆಯ ದಾರಿ, ಇವತ್ತಿಗೂ ಕೈ ಬೇಗ ಪಳಗುವುದು ಇಲ್ಲಿಯೇ. ಕೊರತೆ ಏನೆಂದರೆ ಮೇಸ್ತ್ರಿಗೆ ಗೊತ್ತಿರುವಷ್ಟೇ ನಿಮಗೂ ಗೊತ್ತಾಗುತ್ತದೆ. ಅವರಿಗೆ ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಗಾಡಿ ಕಂಡರೆ ಆಗದಿದ್ದರೆ ನಿಮಗೂ ಆಗುವುದಿಲ್ಲ. ಮತ್ತೊಂದು ಕೊರತೆ, ಸರ್ಟಿಫಿಕೇಟ್ ಸಿಗುವುದಿಲ್ಲ.

ನನ್ನ ಸಲಹೆ: ಒಂದು ವರ್ಷ ಬಿಡುವು ಮಾಡಿಕೊಳ್ಳಲು ಆಗುವವರು ಐಟಿಐ ಸೇರಿ, ರಜೆಯ ದಿನಗಳಲ್ಲಿ ಗ್ಯಾರೇಜಿಗೆ ಹೋಗಿ, ಮುಗಿದ ಮೇಲೆ ಅಪ್ರೆಂಟಿಸ್ ಆಗಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿಯಾದ ಅಪ್ರೆಂಟಿಸ್‌ಗೆ ಸ್ಟೈಪೆಂಡ್ ಕೊಡಲೇಬೇಕು. ಹಾಗೆ ನೋಂದಣಿ ಮಾಡದೆ 'ನಮ್ಮಲ್ಲಿ ಅಪ್ರೆಂಟಿಸ್' ಅನ್ನುವವರು ಬರೀ ಹೆಲ್ಪರ್‌ನ ಹುಡುಕುತ್ತಿರುತ್ತಾರೆ.

ಯಾವ ದಾರಿ ಹಿಡಿದರೂ ಗೇರ್ ಇರುವ ಬೈಕಿನ ಡ್ರೈವಿಂಗ್ ಲೈಸೆನ್ಸ್ ಬೇಕು, ಅದಕ್ಕೆ 18 ತುಂಬಿರಬೇಕು. ಲೈಸೆನ್ಸ್ ಇಲ್ಲದೆ ಗಿರಾಕಿಯ ಗಾಡಿಯನ್ನು ಟೆಸ್ಟ್ ರೈಡ್‌ಗೆ ತೆಗೆದುಕೊಂಡು ಹೋಗಿ ಅಪಘಾತವಾದರೆ ಇನ್ಶೂರೆನ್ಸ್ ಕೈಕೊಡುತ್ತದೆ. ಎಲ್ಲ ಸಿದ್ಧವಿದ್ದೂ ಲೈಸೆನ್ಸ್ ಮಾಡಿಸದೆ ಕೆಲಸ ತಪ್ಪಿಸಿಕೊಂಡವರು ಕಡಿಮೆಯೇನಿಲ್ಲ.

ಸೇರುವ ಮುನ್ನ ಎಚ್ಚರ: ಮಾರ್ಕ್ಸ್ ಕಾರ್ಡಿನ ಒರಿಜಿನಲ್ ತೆಗೆದಿಟ್ಟುಕೊಳ್ಳುತ್ತೇವೆ ಅಂದರೆ ಬೇಡ ಅನ್ನಿ, ಜೆರಾಕ್ಸ್ ಮಾತ್ರ ಕೊಡಿ. ಕೆಲಸ ಕೊಡಿಸಲು 'ಡಿಪಾಸಿಟ್' ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಗ್ಯಾರೇಜ್ ಸೇರಿ ಮೂರು ತಿಂಗಳಾದರೂ ವಾಟರ್ ವಾಶ್, ಟೀ ತರುವುದು, ಸ್ಪೇರ್ಸ್ ಅಂಗಡಿಗೆ ಓಡುವುದು ಇಷ್ಟೇ ಆಗಿದ್ದರೆ ಬೇರೆ ಗ್ಯಾರೇಜ್ ನೋಡಿ. ಇನ್ನೊಂದು, ಆಯುಧ ಪೂಜೆಯ ಹಿಂದಿನ ವಾರ ಎಲ್ಲಿಗೂ ಸೇರಲು ಹೋಗಬೇಡಿ. ಆಗ ಕಲಿಸಲು ಯಾರಿಗೂ ಪುರಸೊತ್ತಿರುವುದಿಲ್ಲ, ನಿಮ್ಮ ಕೈಗೆ ಪೈಪು ಕೊಟ್ಟು ಗಾಡಿ ತೊಳೆಯಲು ನಿಲ್ಲಿಸುತ್ತಾರೆ.

## ಹಂತ 2: ಸ್ವಂತ ಟೂಲ್ಸ್

ಗ್ಯಾರೇಜಿನ ಟೂಲ್ಸ್ ಇರುತ್ತವಲ್ಲ ಅಂದುಕೊಳ್ಳಬೇಡಿ. ಇರುತ್ತವೆ, ಬೇಕಾದಾಗ ಬೇರೆಯವರ ಕೈಯಲ್ಲಿರುತ್ತವೆ. ಎಲ್ಲವನ್ನೂ ಒಂದೇ ಸಲ ಕೊಳ್ಳುವ ಅಗತ್ಯವೂ ಇಲ್ಲ.

ಮೊದಲ ಕಂತಿನಲ್ಲಿ: 8ರಿಂದ 19ರವರೆಗೆ ರಿಂಗ್ ಮತ್ತು ಓಪನ್ ಪಾನಾಗಳು, 8, 10, 12, 14ರ ಟಿ ಸ್ಪ್ಯಾನರ್, ಪ್ಲಗ್ ಪಾನಾ, ಸ್ಟಾರ್ ಮತ್ತು ಫ್ಲ್ಯಾಟ್ ಸ್ಕ್ರೂಡ್ರೈವರ್, ಎರಡೆರಡು ಅಳತೆ, ಕಟಿಂಗ್ ಪ್ಲೈಯರ್, ನೋಸ್ ಪ್ಲೈಯರ್, ಆಲನ್ ಕೀ ಸೆಟ್, ನೈಲಾನ್ ಸುತ್ತಿಗೆ, ವೈರ್ ಬ್ರಷ್.

ಕೈಗೆ ಸ್ವಲ್ಪ ಕಾಸು ಬಂದ ಮೇಲೆ: ಡಿಜಿಟಲ್ ಮಲ್ಟಿಮೀಟರ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಲಾಕ್ ಪ್ಲೈಯರ್, ಇಂಪ್ಯಾಕ್ಟ್ ಡ್ರೈವರ್, ಸಾಕೆಟ್ ಸೆಟ್, ಸಣ್ಣ ಅಳತೆಯ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಪಾನಾ). ಮ್ಯಾಗ್ನೆಟ್ ಪುಲ್ಲರ್, ಕ್ಲಚ್ ಹೋಲ್ಡರ್‌ಗಳು ಗಾಡಿಯಿಂದ ಗಾಡಿಗೆ ಬೇರೆ. ಅವನ್ನು ಈಗಲೇ ಕೊಳ್ಳಬೇಡಿ.

ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಜಪಾನಿ ವಿನ್ಯಾಸದ ಗಾಡಿಗಳ ಸ್ಟಾರ್ ಸ್ಕ್ರೂಗಳು ಸಾಮಾನ್ಯ ಫಿಲಿಪ್ಸ್‌ಗಿಂತ ಸ್ವಲ್ಪ ಬೇರೆ, ಅವು ಜೆಐಎಸ್ ಎಂಬ ಜಪಾನಿ ಮಾನದಂಡದವು. ಫಿಲಿಪ್ಸ್ ಹಾಕಿ ತಿರುಗಿಸಿದರೆ ತುದಿ ಮೇಲಕ್ಕೆ ಹಾರಿ ಸ್ಕ್ರೂವಿನ ತಲೆ ಸವೆಯುತ್ತದೆ. ಕಾರ್ಬೊರೇಟರ್ ಬೌಲಿನ ಸ್ಕ್ರೂಗಳು ಹಾಳಾಗಿರುವುದು ಬಹುಮಟ್ಟಿಗೆ ಹೀಗೆಯೇ. ಜೆಐಎಸ್ ತುದಿಯ ಒಂದು ಡ್ರೈವರ್ ಇಟ್ಟುಕೊಂಡರೆ ಅರ್ಧ ರಗಳೆ ತಪ್ಪುತ್ತದೆ.

## ಹಂತ 3: ನಟ್ಟು ಬೋಲ್ಟು ಬಿಚ್ಚುವುದು, ಹಾಕುವುದು

ಇದನ್ನು ಕಲಿಯಲು ಏನಿದೆ ಅನ್ನಿಸಬಹುದು. ಗ್ಯಾರೇಜಿನಲ್ಲಿ ಹೊಸಬರು ಮಾಡುವ ನಷ್ಟದಲ್ಲಿ ದೊಡ್ಡ ಪಾಲು ಇದರದ್ದೇ. ಹಳೆಯ ಎಂಜಿನ್ ಕೇಸ್ ಒಂದು ಗುಜರಿಯಲ್ಲಿ ಸಿಕ್ಕಿದರೆ ತಂದಿಟ್ಟುಕೊಂಡು ಅದರ ಮೇಲೆ ಅಭ್ಯಾಸ ಮಾಡಿ.

1. ಬಿಚ್ಚುವ ಮೊದಲು ಬೋಲ್ಟಿನ ತಲೆ ಕ್ಲೀನ್ ಮಾಡಿ. ಮಣ್ಣು ತುಂಬಿದ ತಲೆಯಲ್ಲಿ ಪಾನಾ ಪೂರ್ತಿ ಕೂರುವುದಿಲ್ಲ.
2. ಮೊದಲು ಬಿಗಿಯಾದ್ದನ್ನು ರಿಂಗ್ ಸ್ಪ್ಯಾನರಿನಿಂದ ಸಡಿಲಿಸಿ, ಆಮೇಲೆ ಓಪನ್ ಸ್ಪ್ಯಾನರ್. ಹೊಸಬರು ಉಲ್ಟಾ ಮಾಡಿ ಮೂಲೆ ಸವೆಸುತ್ತಾರೆ.
3. ತುಕ್ಕು ಹಿಡಿದಿದ್ದರೆ ಸ್ಪ್ರೇ ಹೊಡೆದು ಕಾಯಿರಿ. ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಸೈಲೆನ್ಸರ್ ಸ್ಟಡ್ಡು, ಆ್ಯಕ್ಸಲ್ ಇವೆಲ್ಲ ಮಳೆಗಾಲ ಕಳೆಯುವಷ್ಟರಲ್ಲಿ ಕಚ್ಚಿಕೊಂಡಿರುತ್ತವೆ. ಬಲ ಹಾಕಿದರೆ ಸ್ಟಡ್ ಒಳಗೇ ತುಂಡಾಗುತ್ತದೆ, ಆಮೇಲೆ ಲೇತ್ ಅಂಗಡಿಗೇ ಹೋಗಬೇಕು.
4. ಹಾಕುವಾಗ ಮೊದಲ ಮೂರ್ನಾಲ್ಕು ಸುತ್ತು ಬೆರಳಿನಿಂದಲೇ. ಬೆರಳಿಗೆ ಬರದ ಬೋಲ್ಟಿಗೆ ಪಾನಾ ಹಾಕಬಾರದು. ಥ್ರೆಡ್ ಅಡ್ಡ ಕೂತಿರುತ್ತದೆ.
5. ಕವರುಗಳಲ್ಲಿ ಬೋಲ್ಟುಗಳ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಮಾಡಿ, ಆಯಾ ಜಾಗಕ್ಕೆ ಬೋಲ್ಟ್ ಚುಚ್ಚಿಡಿ.

ಬಿಗಿಯ ಅಂದಾಜು ಕೈಗೆ ಬರಬೇಕು. ಅಲ್ಯೂಮಿನಿಯಂಗೆ ಕೂರುವ 6 ಮಿ.ಮೀ. ಬೋಲ್ಟು, ಅಂದರೆ 8 ಅಥವಾ 10ರ ಪಾನಾ ಹಿಡಿಯುವಂಥದ್ದು, ಸುಮಾರು 10 ನ್ಯೂಟನ್ ಮೀಟರ್ ಬಿಗಿಗೆ ಸಾಕು. ಟಿ ಸ್ಪ್ಯಾನರನ್ನು ಎರಡು ಕೈಯಲ್ಲಿ ಹಿಡಿದು ತಿರುವಿದರೆ ಆ ಮಿತಿ ದಾಟಿಬಿಡುತ್ತದೆ. ಟಾರ್ಕ್ ರೆಂಚ್ ಹಾಕಿ ಒಂದಿಷ್ಟು ಬೋಲ್ಟು ಬಿಗಿ ಮಾಡಿ, ಅದನ್ನೇ ಕೈಯಿಂದ ಮತ್ತೆ ಮಾಡಿ ನೋಡಿ, ಹೋಲಿಸಿ.

ಅಪಾಯದ ಸೂಚನೆ: ಬಿಗಿಯಾಗುತ್ತ ಬಂದ ಬೋಲ್ಟು ಇದ್ದಕ್ಕಿದ್ದಂತೆ ಮೆತ್ತಗಾಯಿತೆಂದರೆ ಥ್ರೆಡ್ ಕಿತ್ತು ಬರುತ್ತಿದೆ. ಅಲ್ಲೇ ನಿಲ್ಲಿಸಿ, ಮೇಸ್ತ್ರಿಗೆ ಹೇಳಿ. ಇನ್ನೊಂದು ಸುತ್ತು ಹಾಕಿ ಮುಚ್ಚಿಟ್ಟರೆ ಆಯಿಲ್ ಸೋರಿ ಗಾಡಿ ಮಾರನೆಯ ದಿನ ವಾಪಸು ಬರುತ್ತದೆ.

ಉಲ್ಟಾ ಥ್ರೆಡ್ ಇರುವ ಜಾಗಗಳೂ ಇವೆ. ಯಮಹಾ ಗಾಡಿಗಳ ಬಲಗಡೆ ಕನ್ನಡಿ ಅದಕ್ಕೆ ಒಳ್ಳೆಯ ಉದಾಹರಣೆ. ಬಿಚ್ಚಲೆಂದು ಬಿಗಿ ಮಾಡುತ್ತ ಹೋಗಿ ಬೇಸ್ ಮುರಿದವರಿದ್ದಾರೆ.

## ಹಂತ 4: ಚಕ್ರ, ಬ್ರೇಕು, ಚೈನು

ಟ್ರಯಲ್ ದಿನ ಕೊಡುವ ಕೆಲಸ ಸಾಮಾನ್ಯವಾಗಿ ಇದೇ ಆಗಿರುವುದರಿಂದ ನಿಧಾನವಾಗಿ ಹೇಳುತ್ತೇನೆ. ಸ್ಪ್ಲೆಂಡರ್‌ನಂಥ ಡ್ರಮ್ ಬ್ರೇಕ್ ಗಾಡಿಯನ್ನು ಎದುರಿಗಿಟ್ಟುಕೊಳ್ಳಿ.

1. ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಬಿಚ್ಚುವ ಮೊದಲು ಎರಡೂ ಕಡೆಯ ಚೈನ್ ಅಡ್ಜಸ್ಟರ್ ಎಷ್ಟನೆಯ ಗೆರೆಯಲ್ಲಿದೆ ಎಂದು ನೋಡಿ, ಫೋಟೊ ತೆಗೆದಿಡಿ.
2. ಬ್ರೇಕ್ ರಾಡಿನ ನಟ್ ಬಿಚ್ಚಿ. ಸ್ಪ್ರಿಂಗ್ ಮತ್ತು ಸಣ್ಣ ಪಿನ್ನು ಹಾರಿ ಹೋಗುತ್ತವೆ. ತೆಗೆದ ಕೂಡಲೇ ನಟ್ಟನ್ನು ರಾಡಿಗೇ ತಿರುಗಿಸಿಡಿ.
3. ಬ್ರೇಕ್ ಪ್ಲೇಟ್ ಹಿಡಿದಿರುವ ಟಾರ್ಕ್ ಆರ್ಮ್ ಬಿಚ್ಚಿ. ಅದರ ನಟ್ಟು, ಸ್ಪ್ಲಿಟ್ ಪಿನ್ನು ಬೇರೆ ತಟ್ಟೆಯಲ್ಲಿಡಿ.
4. ಆ್ಯಕ್ಸಲ್ ನಟ್ ಬಿಚ್ಚಿ ಆ್ಯಕ್ಸಲ್ ಎಳೆಯಿರಿ. ಬರದಿದ್ದರೆ ಕಬ್ಬಿಣದ ಸುತ್ತಿಗೆಯಿಂದ ಹೊಡೆಯಬೇಡಿ, ತುದಿ ಅಗಲವಾಗಿ ಆಮೇಲೆ ತೂತಿನಲ್ಲಿ ಹೋಗುವುದೇ ಇಲ್ಲ.
5. ಬೀಳುವ ಬುಷ್ ಎಡಗಡೆಯದೋ ಬಲಗಡೆಯದೋ ನೋಡಿ, ಅದೇ ದಿಕ್ಕಿನಲ್ಲಿ ಜೋಡಿಸಿಡಿ.
6. ಡ್ರಮ್ಮಿನ ಧೂಳನ್ನು ಏರ್ ಹಿಡಿದು ಊದಬೇಡಿ. ಎದೆಯೊಳಕ್ಕೆ ಹೋಗುವ ಧೂಳು ಅದು. ಒದ್ದೆ ಬಟ್ಟೆಯಿಂದ ಒರೆಸಿ.
7. ಶೂ ಮೇಲೆ ಕನ್ನಡಿಯಂತೆ ಹೊಳಪು ಬಂದಿದ್ದರೆ ಸ್ಯಾಂಡ್ ಪೇಪರ್ ಹಾಕಿ. ಕ್ಯಾಮ್ ತಿರುಗುವ ಜಾಗಕ್ಕೆ ಗ್ರೀಸ್ ಅತಿ ಸ್ವಲ್ಪ. ಲೈನಿಂಗ್‌ಗೆ ಒಂದು ತೊಟ್ಟು ತಗುಲಿದರೂ ಬ್ರೇಕ್ ಹಿಡಿಯುವುದಿಲ್ಲ.
8. ಬೇರಿಂಗಿನೊಳಗೆ ಬೆರಳಿಟ್ಟು ತಿರುಗಿಸಿ ನೋಡಿ. ಗರಗರ ಅಂದರೆ ಬದಲಿಸಬೇಕು. ಸ್ಪ್ರಾಕೆಟ್ ಹಿಂದಿನ ಡ್ಯಾಂಪರ್ ರಬ್ಬರ್ ಸವೆದಿದೆಯೇ ನೋಡಿ.
9. ಹಾಕುವಾಗ ಕ್ರಮ ಮುಖ್ಯ. ಚಕ್ರ, ಚೈನ್, ಆ್ಯಕ್ಸಲ್, ಟಾರ್ಕ್ ಆರ್ಮ್; ನಂತರ ಚೈನ್ ಅಡ್ಜಸ್ಟ್; ಎರಡೂ ಕಡೆ ಗೆರೆ ಸಮ ಇದೆಯೆಂದು ಖಾತ್ರಿಯಾದ ಮೇಲೆ ಆ್ಯಕ್ಸಲ್ ನಟ್ ಪೂರ್ತಿ ಬಿಗಿ; ಕೊನೆಗೆ ಬ್ರೇಕ್ ರಾಡ್.

ಟಾರ್ಕ್ ಆರ್ಮ್ ಹಾಕಲು ಮರೆಯುವುದು ಇಡೀ ಕೆಲಸದಲ್ಲಿ ಅತ್ಯಂತ ಅಪಾಯಕಾರಿ ತಪ್ಪು. ನಿಂತ ಗಾಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಓಡುವಾಗ ಬ್ರೇಕ್ ತುಳಿದರೆ ಪ್ಲೇಟೇ ಚಕ್ರದ ಜೊತೆ ತಿರುಗಿ, ರಾಡು ಮುರಿದು, ಚಕ್ರ ಲಾಕ್ ಆಗುತ್ತದೆ. ಸ್ಪ್ಲಿಟ್ ಪಿನ್ ಹಾಕಿದ್ದನ್ನು ಕಣ್ಣಿನಿಂದ ನೋಡದೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಬೇಡಿ.

ಚೈನ್ ಸಡಿಲ ಎಷ್ಟಿರಬೇಕೆಂದು ಆಯಾ ಗಾಡಿಯ ಮ್ಯಾನ್ಯುವಲ್ ಹೇಳುತ್ತದೆ. ಸಾಮಾನ್ಯ ಕಮ್ಯೂಟರ್ ಗಾಡಿಗಳಿಗೆ 20ರಿಂದ 30 ಮಿ.ಮೀ. ಚಕ್ರ ತಿರುಗಿಸುತ್ತ ನಾಲ್ಕೈದು ಕಡೆ ನೋಡಿ. ಎಲ್ಲಕ್ಕಿಂತ ಬಿಗಿ ಇರುವ ಜಾಗದಲ್ಲಿ ಈ ಅಳತೆ ಸಿಗಬೇಕು. ಹೊಸಬರು ಸಡಿಲ ಜಾಗದಲ್ಲಿ ಅಳೆದು ಬಿಗಿ ಮಾಡುತ್ತಾರೆ, ಗಿರಾಕಿ ಹಾಲಿನ ಕ್ಯಾನು ಹೇರಿಕೊಂಡು ಹೋದಾಗ ಚೈನ್ ಎಳೆದು ಬೇರಿಂಗ್ ಹೋಗುತ್ತದೆ.

ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ಎಲ್ಲ ಊರಲ್ಲೂ ನೋಡಬಹುದು. ಬೆರಳು ಕಳೆದುಕೊಂಡವರೂ ಎಲ್ಲ ಊರಲ್ಲೂ ಸಿಗುತ್ತಾರೆ. ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ, ಚಕ್ರವನ್ನು ಕೈಯಿಂದ ತಿರುಗಿಸಿ. ಬೇರೆ ವಿಧಾನವಿಲ್ಲ.

ಡಿಸ್ಕ್ ಬ್ರೇಕಿಗೆ ಬರುವುದಾದರೆ, ರಿಸರ್ವಾಯರ್ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಆ ದರ್ಜೆಯ ಬ್ರೇಕ್ ಫ್ಲೂಯಿಡನ್ನೇ ಹಾಕಿ. ಅದು ಪೇಂಟ್ ಮೇಲೆ ಬಿದ್ದರೆ ಪೇಂಟ್ ಕಿತ್ತು ಬರುತ್ತದೆ, ತಕ್ಷಣ ನೀರು ಹಾಕಿ. ಪ್ಯಾಡ್ ಬದಲಿಸಿದ ಮೇಲೆ ಲಿವರನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿಯೇ ಗಾಡಿ ಹತ್ತಬೇಕು. ಒತ್ತದೆ ಹೊರಟವನಿಗೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ. ಲಿವರ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಒಳಗೆ ಗಾಳಿ ಇದೆ, ಬ್ಲೀಡಿಂಗ್ ಮಾಡಿ ಅದನ್ನು ಹೊರಹಾಕಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಗಾಡಿಗಳಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಅಂಥ ಗಾಡಿಯಲ್ಲಿ ಚಕ್ರ ಬಿಚ್ಚುವಾಗ ಸೆನ್ಸರ್ ವೈರ್ ಎಳೆಯದಂತೆ, ಸೆನ್ಸರ್ ರಿಂಗ್ ಬಗ್ಗದಂತೆ ನೋಡಿಕೊಳ್ಳಿ.

## ಹಂತ 5: ಜನರಲ್ ಸರ್ವಿಸ್, ಪ್ರತಿ ಸಲವೂ ಒಂದೇ ಕ್ರಮದಲ್ಲಿ

ಹೊಸಬರು ಕಣ್ಣಿಗೆ ಬಿದ್ದದ್ದರಿಂದ ಶುರು ಮಾಡುತ್ತಾರೆ, ಏನೋ ಒಂದು ಬಿಟ್ಟುಹೋಗುತ್ತದೆ. ಕ್ರಮ ಇಟ್ಟುಕೊಂಡರೆ ಫೋನ್ ಬಂದು ಮಧ್ಯದಲ್ಲಿ ಎದ್ದುಹೋದರೂ ಎಲ್ಲಿ ನಿಲ್ಲಿಸಿದ್ದೆವೆಂದು ಗೊತ್ತಿರುತ್ತದೆ.

ನಾನು ಹೇಳಿಕೊಡುವ ಕ್ರಮ ಇದು: ತೊಳೆಯುವ ಮೊದಲೇ ಒಂದು ಸುತ್ತು ಓಡಿಸಿ ನೋಡುವುದು, ತೊಳೆಯುವುದು, ಬೆಚ್ಚಗಿರುವಾಗಲೇ ಆಯಿಲ್ ಇಳಿಸುವುದು, ಅದು ಸೋರುವ ಹೊತ್ತಿನಲ್ಲಿ ಏರ್ ಫಿಲ್ಟರ್ ಮತ್ತು ಪ್ಲಗ್, ಆಯಿಲ್ ತುಂಬುವುದು, ಮುಂದಿನ ಚಕ್ರ, ಹಿಂದಿನ ಚಕ್ರ, ಚೈನು, ಕೇಬಲ್‌ಗಳು, ಲಿವರ್ ಪ್ಲೇ, ಹ್ಯಾಂಡಲ್ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಅಲುಗಾಡುತ್ತದೆಯೇ ನೋಡುವುದು, ಬ್ಯಾಟರಿ, ಲೈಟು, ಹಾರ್ನು, ಗಾಳಿ, ಕೊನೆಗೆ ಟೆಸ್ಟ್ ರೈಡ್. ತೊಳೆಯುವ ಮುಂಚಿನ ಸುತ್ತನ್ನು ಹೆಚ್ಚಿನವರು ಬಿಡುತ್ತಾರೆ. ಆಯಿಲ್ ಎಲ್ಲಿಂದ ಸೋರುತ್ತಿತ್ತೆಂದು ಹೇಳುವುದು ಆ ಧೂಳಿನ ಮೇಲಿನ ಒದ್ದೆ ಗುರುತು. ತೊಳೆದ ಮೇಲೆ ಅದು ಹೋಯಿತು.

ಆಯಿಲ್ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಅದಕ್ಕೆ ಡಬ್ಬಿಯ ಮೇಲೆ ಜಾಸೋ (ಜಪಾನಿನ ಆಯಿಲ್ ದರ್ಜೆ) ಎಂಎ ಅಥವಾ ಎಂಎ2 ಎಂದು ಇರಲೇಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಸ್ಲಿಪ್ ಆಗಲು ಶುರು. ಜಾಸೋ ಎಂಬಿ ಇರುವುದು ಗೇರಿಲ್ಲದ ಸ್ಕೂಟರ್‌ಗಳಿಗೆ. 10ಡಬ್ಲ್ಯು30 ಎಂಬ ಆಯಿಲ್ ದಪ್ಪದ ಗುರುತನ್ನಷ್ಟೇ ನೋಡಿ ಸುರಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಡ್ರೈನ್ ಬೋಲ್ಟಿನ ವಾಷರ್ ಹಳೆಯದಾಗಿದ್ದರೆ ಬದಲಿಸಿ, ಸೋರುತ್ತಿದೆಯೆಂದು ಬೋಲ್ಟನ್ನೇ ಹಿಂಡಬೇಡಿ.

ಬಯಲುಸೀಮೆಯ ಧೂಳಿನಲ್ಲಿ ಏರ್ ಫಿಲ್ಟರ್ ಮ್ಯಾನ್ಯುವಲ್ ಹೇಳುವುದಕ್ಕಿಂತ ಮೊದಲೇ ಕಟ್ಟಿಕೊಳ್ಳುತ್ತದೆ. ಆಯಿಲ್ ಹಚ್ಚಿದ ಪೇಪರ್ ಫಿಲ್ಟರನ್ನು ತೊಳೆಯಬಾರದು, ಊದಬಾರದು, ಬದಲಿಸಬೇಕು. ಫೋಮ್ ಫಿಲ್ಟರನ್ನು ತೊಳೆಯಬಹುದು.

## ಹಂತ 6: ಕರೆಂಟು

ಇಲ್ಲಿ ಹೆದರಿ ಹಿಂದೆ ಸರಿಯುವವರೇ ಜಾಸ್ತಿ. ಹಾಗಾಗಿ ಇಲ್ಲಿ ಸ್ವಲ್ಪ ಕಲಿತವನಿಗೂ ಗ್ಯಾರೇಜಿನಲ್ಲಿ ಬೆಲೆ ಇದೆ. ಮೊದಲು ಮಲ್ಟಿಮೀಟರಿನಲ್ಲಿ ಮೂರು ಕೆಲಸ ಕಲಿಯಿರಿ: ಡಿಸಿ ವೋಲ್ಟ್, ಕಂಟಿನ್ಯುಟಿ (ವೈರ್ ಒಳಗೆ ತುಂಡಾಗಿದೆಯೇ ನೋಡುವುದು), ಓಮ್. ಆಂಪಿಯರ್ ಅಳೆಯುವುದು ಆಮೇಲೆ. ಕೆಂಪು ವೈರನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟು ಬ್ಯಾಟರಿ ವೋಲ್ಟ್ ನೋಡಲು ಹೋದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ.

ಬ್ಯಾಟರಿ ಪರೀಕ್ಷೆ ಮೂರು ಮೆಟ್ಟಿಲು. ಗಾಡಿ ಆಫ್ ಇದ್ದಾಗ 12.4 ವೋಲ್ಟಿಗಿಂತ ಮೇಲಿರಬೇಕು, 12.6ರ ಮೇಲಿದ್ದರೆ ಪೂರ್ತಿ ಚಾರ್ಜ್ ಇದೆ. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ ಸ್ವಲ್ಪ ರೇಸ್ ಕೊಟ್ಟರೆ 13.5ರಿಂದ 14.5ರ ಸುತ್ತಮುತ್ತ ನಿಲ್ಲಬೇಕು. ನಿಲ್ಲದೆ 12ರಲ್ಲೇ ಇದ್ದರೆ ಚಾರ್ಜಿಂಗ್ ಇಲ್ಲ, 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಈ ಮೂರನ್ನು ನೋಡದೆ ಹೊಸ ಬ್ಯಾಟರಿ ಮಾರಿಬಿಟ್ಟರೆ ಅದೇ ಗಾಡಿ ಮತ್ತೆ ತಳ್ಳಿಕೊಂಡು ಬರುತ್ತದೆ.

ಸ್ಟಾರ್ಟ್ ಆಗದ ಗಾಡಿ ಬಂದರೆ ಮೊದಲು ನೋಡಬೇಕಾದ್ದು ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಪೆಟ್ರೋಲ್. ನಗು ಬರಬಹುದು, ಆದರೆ ಕಾರ್ಬೊರೇಟರ್ ಪೂರ್ತಿ ಬಿಚ್ಚಿದ ಮೇಲೆ ಕಿಲ್ ಸ್ವಿಚ್ ಆಫ್ ಇದ್ದದ್ದು ಕಂಡರೆ ಗ್ಯಾರೇಜಿನಲ್ಲಿ ನಿಮ್ಮ ಹೆಸರಿಗೆ ಅದೇ ಅಂಟಿಕೊಳ್ಳುತ್ತದೆ. ಆಮೇಲೆ ಫ್ಯೂಸ್. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿದ್ದು ಕಂಡರೆ ಆ ಗಾಡಿಯ ವೈರಿಂಗ್ ಪೂರ್ತಿ ನೋಡಲೇಬೇಕು. ನೀವಂತೂ ಹಾಗೆ ಸುತ್ತಲೇಬಾರದು, ವೈರಿಂಗ್ ಹತ್ತಿ ಉರಿಯುತ್ತದೆ.

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು 'ಚಾರ್ಜಿಂಗ್ ಚೆಕ್' ಮಾಡುವ ಹಳೆಯ ಪದ್ಧತಿಯನ್ನು ಇಂದಿನ ಗಾಡಿಗಳಲ್ಲಿ ಮಾಡಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಡಬಹುದು.

## ಹಂತ 7: ಪೆಟ್ರೋಲ್ ದಾರಿ, ಹಳೆಯದು ಮತ್ತು ಹೊಸದು

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಫ್ಯೂಯಲ್ ಇಂಜೆಕ್ಷನ್. ಆದರೆ ರಸ್ತೆಯಲ್ಲಿ ಕಾರ್ಬೊರೇಟರ್ ಗಾಡಿಗಳು ಇನ್ನೂ ಬೇಕಾದಷ್ಟಿವೆ. ಎರಡೂ ಬರಬೇಕು, ಮೊದಲು ಕಾರ್ಬೊರೇಟರ್.

ಕಾರ್ಬೊರೇಟರಿನಲ್ಲಿ ಜೆಟ್ಟಿನ ತೂತಿಗೆ ತಂತಿ ಚುಚ್ಚಬೇಡಿ. ತೂತು ಕಣ್ಣಿಗೆ ಕಾಣದಷ್ಟು ದೊಡ್ಡದಾದರೂ ಮೈಲೇಜ್ ಬಿದ್ದುಹೋಗುತ್ತದೆ. ಕ್ಲೀನರ್ ಹೊಡೆದು ಏರ್‌ನಿಂದ ಊದಿ. ಏರ್ ಸ್ಕ್ರೂ ಬಿಚ್ಚುವ ಮೊದಲು ಪೂರ್ತಿ ಒಳಕ್ಕೆ ಹೋಗಲು ಎಷ್ಟು ಸುತ್ತು ಬೇಕಾಯಿತೆಂದು ಎಣಿಸಿ ಬರೆದಿಡಿ.

ಎಫ್‌ಐ ಗಾಡಿಯಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗಿಂದ ಎರಡು ಮೂರು ಸೆಕೆಂಡ್ ಪಂಪಿನ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಕನೆಕ್ಟರ್ ನೋಡಿ. ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಪಂಪಿನ ಕನೆಕ್ಟರ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಪೈಪ್ ಬಿಚ್ಚಿ. ಇಲ್ಲದಿದ್ದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ.

ಗಾಡಿಯ ಇಸಿಯುನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಬಗ್ಗೆ ಭ್ರಮೆ ಬೇಡ. ಅದು ಯಾವ ಸರ್ಕ್ಯೂಟ್‌ನಲ್ಲಿ ತೊಂದರೆ ಎಂದು ಹೇಳುತ್ತದೆ, ಯಾವ ಪಾರ್ಟ್ ಬದಲಿಸು ಎಂದಲ್ಲ. ಆಕ್ಸಿಜನ್ ಸೆನ್ಸರ್ ಕೋಡ್ ಬಂದಿದ್ದಕ್ಕೆ ಸೈಲೆನ್ಸರ್ ಗ್ಯಾಸ್ಕೆಟ್ ಸೋರಿಕೆಯೂ ಕಾರಣ ಇರಬಹುದು, ಇಲಿ ಕಡಿದ ವೈರೂ ಇರಬಹುದು. ಕೋಡ್ ಬಂದರೆ ಮೊದಲು ಬ್ಯಾಟರಿ ವೋಲ್ಟ್, ನಂತರ ಕನೆಕ್ಟರ್ ಪಿನ್ನಿನ ಹಸಿರು ತುಕ್ಕು, ಅದಾದ ಮೇಲೆ ಸೆನ್ಸರ್. ವಾಟರ್ ವಾಶ್‌ನ ಪ್ರೆಶರ್ ನೀರನ್ನು ಕನೆಕ್ಟರ್‌ಗಳಿಗೆ ಹಿಡಿಯದಿದ್ದರೆ ಈ ತೊಂದರೆಗಳಲ್ಲಿ ಅರ್ಧ ಬರುವುದೇ ಇಲ್ಲ.

ಎಲೆಕ್ಟ್ರಿಕ್ ಸ್ಕೂಟರ್‌ಗಳನ್ನೂ ನೋಡಬೇಕಾಗುತ್ತದೆ. ಚಕ್ರ, ಬ್ರೇಕು, ಸಸ್ಪೆನ್ಷನ್ ಇದ್ದದ್ದೇ. ಬ್ಯಾಟರಿ ಪ್ಯಾಕ್ ಮಾತ್ರ ಬಿಚ್ಚಬೇಡಿ, ಕಂಪನಿಯ ತರಬೇತಿ ಆಗುವವರೆಗೆ.

## ಹಂತ 8: ಈಗ ಎಂಜಿನ್

ಮೊದಲು ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮ್ಯಾಗ್ನೆಟ್ ಮೇಲಿನ 'ಟಿ' ಗುರುತನ್ನು ಕವರಿನ ಗುರುತಿಗೆ ತಂದು, ಎರಡೂ ರಾಕರ್ ಸ್ವಲ್ಪ ಅಲುಗಾಡುತ್ತವೆಯೇ ನೋಡಿ. ಅಲುಗಾಡದಿದ್ದರೆ ತಪ್ಪು ಸ್ಟ್ರೋಕಿನಲ್ಲಿದೆ, ಇನ್ನೊಂದು ಸುತ್ತು ತಿರುಗಿಸಿ. ಅಳತೆಯನ್ನು ಆಯಾ ಗಾಡಿಯ ಮ್ಯಾನ್ಯುವಲ್‌ನಿಂದಲೇ ತೆಗೆದುಕೊಳ್ಳಿ, ಫೀಲರ್ ಗೇಜ್ ಬಳಸಿ. ಸದ್ದು ನಿಲ್ಲಲಿ ಎಂದು ಬಿಗಿ ಮಾಡಿಬಿಡುವುದು ಇಲ್ಲಿನ ದೊಡ್ಡ ತಪ್ಪು. ಸ್ವಲ್ಪ ಟಿಕಟಿಕ ಅನ್ನುವ ಟ್ಯಾಪೆಟ್ ಗಾಡಿಯನ್ನು ಕೆಡಿಸುವುದಿಲ್ಲ. ಬಿಗಿಯಾದ ಟ್ಯಾಪೆಟ್‌ಗೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ, ಗಿರಾಕಿಗೆ ಮಾತ್ರ 'ಗಾಡಿ ಎಷ್ಟು ಸೈಲೆಂಟ್ ಆಯ್ತು' ಅನ್ನಿಸಿರುತ್ತದೆ.

ಆಮೇಲೆ ಕ್ಲಚ್ ಪ್ಲೇಟ್. ಹೊಸ ಪ್ಲೇಟ್‌ಗಳನ್ನು ಆಯಿಲ್‌ನಲ್ಲಿ ನೆನೆಸಿ ಹಾಕಿ.

ಹೆಡ್ಡು, ಬೋರು, ಪಿಸ್ಟನ್‌ಗಳಿಗೆ ಮೇಸ್ತ್ರಿ ಪಕ್ಕದಲ್ಲಿದ್ದಾಗ ಮಾತ್ರ ಕೈ ಹಾಕಿ. ನೆನಪಿಡಬೇಕಾದವು ಇಷ್ಟು: ಹೆಡ್ ನಟ್‌ಗಳನ್ನು ಅಡ್ಡಡ್ಡ ಜೋಡಿಯಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಬೇಕು; ಪಿಸ್ಟನ್ ಮೇಲಿನ 'ಇನ್' ಗುರುತು ಇನ್‌ಲೆಟ್ ಕಡೆಗೆ; ರಿಂಗ್‌ಗಳ ಬಾಯಿ ಒಂದೇ ಗೆರೆಯಲ್ಲಿ ಬರಬಾರದು; ಪಿಸ್ಟನ್ ಲಾಕ್ ತೆಗೆಯುವ ಮೊದಲು ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಬೇಕು. ಆ ಲಾಕ್ ಒಳಗೆ ಬಿದ್ದರೆ ಒಂದು ಗಂಟೆಯ ಕೆಲಸ ಎರಡು ದಿನಕ್ಕೆ ಹೋಗುತ್ತದೆ.

ಬಿಚ್ಚುವ ಮೊದಲು ಹೊಗೆ ನೋಡುವುದನ್ನು ಕಲಿಯಿರಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ, ಎಂಜಿನ್ ಬಿಚ್ಚುವುದೇ ಬೇಡ, ಏರ್ ಫಿಲ್ಟರಿನಿಂದ ಶುರು ಮಾಡಿ. ಚಳಿಗಾಲದ ಬೆಳಗಿನ ಬಿಳಿ ಹೊಗೆ ಬರೀ ಹಬೆ.

## ಹಂತ 9: ಟ್ರಯಲ್ ದಿನ ಮತ್ತು ಮೊದಲ ತಿಂಗಳುಗಳು

ಅರ್ಜಿಯ ಜೊತೆ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ. ನೀವು ಮಾಡಿದ ಪ್ರತಿ ಕೆಲಸಕ್ಕೂ ಗಾಡಿ ಯಾವುದು, ಗಿರಾಕಿ ಹೇಳಿದ ತೊಂದರೆ ಏನು, ಸಿಕ್ಕ ಕಾರಣ ಏನು, ಹಾಕಿದ ಪಾರ್ಟ್ ಯಾವುದು ಎಂದು ನಾಲ್ಕು ಸಾಲು ಬರೆದಿಟ್ಟಿದ್ದರೆ ವರ್ಕ್ಸ್ ಮ್ಯಾನೇಜರ್ ಸರ್ಟಿಫಿಕೇಟಿಗಿಂತ ಅದನ್ನೇ ಹೆಚ್ಚು ಹೊತ್ತು ನೋಡುತ್ತಾರೆ.

ಕೆಲಸ ಕೊಟ್ಟ ಕೂಡಲೇ ಪಾನಾ ಹಿಡಿಯಬೇಡಿ. ಜಾಬ್ ಕಾರ್ಡ್ ಓದಿ. ಅಲ್ಲಿ 'ಹಿಂದಿನ ಬ್ರೇಕ್ ಸದ್ದು' ಎಂದು ಬರೆದಿದ್ದರೆ ಮುಂದಿನದನ್ನು ಮುಟ್ಟುವ ಮೊದಲು "ಸರ್, ಮುಂದಿನದೂ ನೋಡ್ಲಾ?" ಎಂದು ಕೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಟಾರ್ಕ್ ಎಷ್ಟೆಂದು ಕೇಳುವವನನ್ನು ಯಾರೂ ಬೈಯುವುದಿಲ್ಲ, ಬೈದರೂ ಅದು ಎರಡು ನಿಮಿಷದ ಮಾತು. ಮುಗಿದ ಮೇಲೆ ತಟ್ಟೆಯಲ್ಲಿ ಏನೂ ಉಳಿದಿಲ್ಲವೆಂದು ತೋರಿಸಿ. ಬದಲಿಸಿದ ಹಳೆಯ ಪಾರ್ಟನ್ನು ಕವರಿನಲ್ಲಿ ಹಾಕಿ ಗಿರಾಕಿಗೆ ಕೊಡಲು ಇಡಿ.

ಮೊದಲ ತಿಂಗಳುಗಳಲ್ಲಿ ಹೊಸ ಗಾಡಿಗಳ ಪಿಡಿಐ (ಗಿರಾಕಿಗೆ ಕೊಡುವ ಮೊದಲಿನ ತಪಾಸಣೆ), ಫ್ರೀ ಸರ್ವಿಸ್ ಇವೇ ಸಿಗುತ್ತವೆ. ಬೇಸರ ಬರುತ್ತದೆ. ಆದರೆ ಒಂದು ಗಾಡಿ ಸರಿಯಾಗಿದ್ದಾಗ ಹೇಗಿರುತ್ತದೆ, ಕ್ಲಚ್ ಎಷ್ಟು ಹಗುರ, ಎಂಜಿನ್ ಸದ್ದು ಹೇಗೆ ಎಂಬುದು ಕೈಗೆ, ಕಿವಿಗೆ ಕೂರುವುದು ಆಗಲೇ. ಪಿಡಿಐ ಶೀಟಿನಲ್ಲಿ ನೋಡದೆ ಟಿಕ್ ಹಾಕುವ ಅಭ್ಯಾಸ ಮಾಡಿಕೊಂಡರೆ ಅದೂ ಇಲ್ಲ.

ಸಂಬಳ ಮಾತಾಡುವಾಗ ಇನ್ಸೆಂಟಿವ್ ಹೇಗೆ ಲೆಕ್ಕ ಹಾಕುತ್ತಾರೆ, ಅದೇ ತೊಂದರೆಗೆ ರಿಪೀಟ್ ಬಂದ ಗಾಡಿಯ ಹಣ ಯಾರ ತಲೆಗೆ ಕಟ್ಟುತ್ತಾರೆ, ಇಎಸ್‌ಐ ಮತ್ತು ಪಿಎಫ್ ಇದೆಯೇ, ಸೇಫ್ಟಿ ಶೂ ಯಾರು ಕೊಡುತ್ತಾರೆ ಎಂದು ಕೇಳಿ, ಉತ್ತರವನ್ನು ಆಫರ್ ಲೆಟರಿನಲ್ಲೇ ಬರೆಸಿಕೊಳ್ಳಿ. ವರ್ಷಕ್ಕೆ ಎಷ್ಟು ಸಲ ಕಂಪನಿ ಟ್ರೇನಿಂಗ್‌ಗೆ ಕಳಿಸುತ್ತಾರೆಂದೂ ಕೇಳಿ. ಎಫ್‌ಐ, ಎಬಿಎಸ್, ಎಲೆಕ್ಟ್ರಿಕ್ ಕಲಿಯಲು ಹೊಸಬನಿಗೆ ಆ ಟ್ರೇನಿಂಗ್ ಸುಲಭದ ದಾರಿ. ಸಾವಿರ ರೂಪಾಯಿ ಕಡಿಮೆ ಕೊಟ್ಟರೂ ತಪ್ಪದೆ ಟ್ರೇನಿಂಗ್‌ಗೆ ಕಳಿಸುವ ಜಾಗವನ್ನೇ ಆರಿಸಿಕೊಳ್ಳಿ.